ಅತ್ತೆ ಬಂದ್ರು!

"ಅತ್ತೆ ಬಂದ್ರು!" ಎಂದು ಕೋಚ್ ಕೂಗಿದ. ಹತ್ತು ಮಂದಿ ಎದ್ದೆನೋ ಬಿದ್ದೆನೋ ಎಂದು ಎದುರಿನ ಗೋಲಿನತ್ತ ಓಡಿದರು. ಹನ್ನೊಂದನೆಯವನು ಮೈದಾನದ ನಡುಗೆರೆಯ ತನಕ ಬಂದು, ಬಿಸಿನೀರಿಗೆ ಕಾಲಿಟ್ಟವನಂತೆ ಹಿಂದೆ ಸರಿದ.

ಅವನ ಅಡ್ಡಹೆಸರು ಬೀಗ. ಕಸುಬು ಬೀಗ ರಿಪೇರಿ; ತಂಡದಲ್ಲಿ ಕೆಲಸವೂ ಹೆಚ್ಚುಕಡಿಮೆ ಅದೇ, ಗೋಲಿನ ಮುಂದೆ ಜಡಿದುಕೊಂಡು ನಿಲ್ಲುವುದು. ಹನ್ನೆರಡು ವರ್ಷಗಳಲ್ಲಿ ಅವನು ಆ ಗೆರೆ ದಾಟಿದ್ದು ಅರ್ಧ ಆಟ ಮುಗಿದು ಬದಿ ಬದಲಿಸುವಾಗ ಮಾತ್ರ.

ಹೊಸ ಕೋಚ್ ಬಂದು ತಿಂಗಳಾಗಿತ್ತು. ಎಡ, ಬಲ ಎಂದರೆ ಎದುರಾಳಿಗೂ ತಿಳಿಯುತ್ತದೆಂದು ನೆಂಟರನ್ನೆಲ್ಲ ಮೈದಾನಕ್ಕೆ ಇಳಿಸಿದ್ದ. ಭಾವ ಎಂದರೆ ಚೆಂಡು ಎಡಕ್ಕೆ, ನಾದಿನಿ ಎಂದರೆ ಬಲಕ್ಕೆ. ಅತ್ತೆ ಬಂದರೆ ಮಾತ್ರ ಯಾರೂ ಇದ್ದ ಜಾಗದಲ್ಲಿ ಇರಕೂಡದು. ಗೋಲ್‌ಕೀಪರ್ ಸಮೇತ ಎಲ್ಲರೂ ಮುಂದಕ್ಕೆ.

"ಸಾರ್, ಅತ್ತೆ ಬಂದ್ರೂ ನಮ್ಮ ಬೀಗರು ಅಲ್ಲಾಡ್ತಿಲ್ಲ!" ಎಂದು ಗೋಲ್‌ಕೀಪರ್ ನಕ್ಕ. "ಅತ್ತೆ ಅಂದ್ರೆ ಅಷ್ಟು ಭಯಾನಾ ಸಾರ್?"

"ನಿನಗಿನ್ನೂ ಮದುವೆ ಆಗಿಲ್ಲ, ಸುಮ್ನಿರು," ಎಂದ ಕೋಚ್.

ಪಂದ್ಯದ ದಿನ ಕೋಚ್ ತಡವಾಗಿ ಬಂದ. ಕೆನ್ನೆಗೆ ಕರವಸ್ತ್ರ ಒತ್ತಿಕೊಂಡಿದ್ದ. ಬೆರಳಿಗೆಲ್ಲ ಹಸಿರು ಬಣ್ಣ. ಪಾಪ, ನಮಗಾಗಿ ಮೈದಾನದ ನಕ್ಷೆ ಬರೆದೂ ಬರೆದೂ ಹೀಗಾಗಿದ್ದಾನೆ ಎಂದುಕೊಂಡ ಬೀಗ.

"ಅಣ್ಣಾ, ಇವತ್ತು ಅತ್ತೆ ಬರಲ್ಲ," ಎಂದ ಕೋಚ್. "ನೀವೊಬ್ರು ಹಿಂದೇನೇ ಉಳಿದ್ರೆ ಆ ಆಟ ಕೂಡಿ ಬರಲ್ಲ. ಬೇಜಾರು ಮಾಡ್ಕೋಬೇಡಿ, ಮುಂದಿನ ವಾರದಿಂದ ನಿಮ್ಮ ಜಾಗಕ್ಕೆ ಬೇರೆಯವರು."

ಬೀಗ ಹೋಗಿ ಗೋಲಿನ ಮುಂದೆ ಜಡಿದುಕೊಂಡು ನಿಂತ.

ಕೊನೆಯ ನಿಮಿಷ. ಎರಡೂ ಕಡೆ ಸೊನ್ನೆ. ಚೆಂಡು ಬೀಗನ ಕಾಲಲ್ಲಿ. ಆಗ ಗಂಟಲು ಹರಿಯುವ ಕೂಗು ಕೇಳಿಸಿತು: "ಅತ್ತೆ ಬಂದ್ರು! ಅಯ್ಯಯ್ಯೋ, ಅತ್ತೆ ಬಂದ್ರು!"

ಬೀಗನ ಎದೆ ಉಬ್ಬಿತು. ಬರಲ್ಲ ಅಂದವನೇ ಕೂಗಿದ್ದಾನೆ! ನನ್ನನ್ನು ನಂಬಿ ಕೂಗಿದ್ದಾನೆ! ಗೆರೆ ಬಂತು, ಗೆರೆ ಹೋಯಿತು, ಅವನಿಗೆ ಗೊತ್ತೇ ಆಗಲಿಲ್ಲ. ಹನ್ನೊಂದು ಮಂದಿ ಕಟ್ಟೆಯೊಡೆದಂತೆ ನುಗ್ಗಿದರು. ಯಾರ ಅತ್ತೆ ಎಂದು ಎದುರಾಳಿಗಳು ಸುತ್ತ ನೋಡುತ್ತಿರುವಾಗಲೇ ಬೀಗ ಕಣ್ಣು ಮುಚ್ಚಿ ಒದ್ದ.

ಗೋಲು!

ಕುಣಿದರು, ಕಿರುಚಿದರು, ಒಬ್ಬರ ಮೇಲೊಬ್ಬರು ಉರುಳಿದರು. ಕೋಚನ್ನು ಹೆಗಲ ಮೇಲೆ ಹೊರಬೇಕೆಂದು ಬೀಗ ಕಣ್ಣೊರೆಸಿಕೊಳ್ಳುತ್ತ ಹುಡುಕಿದ. ಬೆಂಚು ಖಾಲಿ. ನೀರಿನ ಡ್ರಮ್ಮಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಕೋಚ್, ಹಸಿರು ಬೆರಳನ್ನು ತುಟಿಗೊತ್ತಿ "ಶ್!" ಎಂದ.

ಬೀಗ ಹಿಂದಿರುಗಿ ನೋಡಿದ. ಗೇಟಿನ ಬಳಿ ಒಬ್ಬ ಹಿರಿಯ ಹೆಂಗಸು ನಿಂತಿದ್ದರು. ಕೈಯಲ್ಲಿದ್ದ ಬ್ರಷ್ಷಿನಿಂದ ಹಸಿರು ಬಣ್ಣ ತೊಟ್ಟಿಕ್ಕುತ್ತಿತ್ತು.

"ಏನಪ್ಪಾ, ಹಲ್ಲು ಕೀಳಿಸ್ಕೊಂಡು ಬರ್ತೀನಿ ಅಂತ ನನ್ನ ಗೋಡೆ ಅರ್ಧಕ್ಕೇ ಬಿಟ್ಟು ಓಡಿದ ನಮ್ಮ ಅಳಿಯಂದ್ರು ಈ ಕಡೆ ಏನಾದ್ರೂ ಬಂದ್ರಾ?"