ಅರ್ಧ ಬಾಳೆಹಣ್ಣು

ಸೂಜಿ ಚುಚ್ಚಿದಾಗ ಮುದಿ ಚಿಂಪಾಂಜಿ ರೆಪ್ಪೆ ಕೂಡ ಮಿಟುಕಿಸಲಿಲ್ಲ. ಸರಳುಗಳ ನಡುವಿನಿಂದ ಚಾಚಿದ ತೋಳು ಚಾಚಿದ ಹಾಗೇ ಇತ್ತು. ಮೃಗಾಲಯದವರೆಲ್ಲ ದೊಡ್ಡಮ್ಮ ಎಂದು ಕರೆಯುವ ಅವಳಿಗೆ ಇದನ್ನು ಕಲಿಸಿದವನು ಅವಳ ಪ್ರಾಣಿಪಾಲಕ. ಅಲುಗಾಡದೆ ಚುಚ್ಚಿಸಿಕೊಂಡರೆ ಇಡೀ ಬಾಳೆಹಣ್ಣು, ಕೊಸರಾಡಿದರೆ ಅರ್ಧ. ಇದು ಅವನ ಕಾನೂನು. ಇವತ್ತು ಇಡೀ ಹಣ್ಣು ಕೊಟ್ಟು, ಡಾಕ್ಟರಮ್ಮನ ಕಡೆ ನೋಡಿ ಮೀಸೆ ತಿರುವಿದ.

"ಈಗ ನಿಮ್ದು," ಎಂದರು ಡಾಕ್ಟರಮ್ಮ, ಹೊಸ ಸೂಜಿ ತೆಗೆಯುತ್ತಾ. "ಸಿಬ್ಬಂದಿಯೆಲ್ಲ ಲಸಿಕೆ ಹಾಕಿಸ್ಕೊಂಡಾಯ್ತು. ನೀವೊಬ್ರೇ ಬಾಕಿ."

ಮೀಸೆಯ ಮೇಲಿದ್ದ ಕೈ ಕೆಳಗಿಳಿಯಿತು. "ನಾಳೆ ಹಾಕಿಸ್ಕೋತೀನಿ ಮೇಡಂ. ಇವತ್ತು ಯಾಕೋ ಮೈ ಸರಿಯಿಲ್ಲ."

"ಹೋದ ವಾರನೂ ಸರಿ ಇರ್ಲಿಲ್ಲ."

ದೊಡ್ಡಮ್ಮ ಹಣ್ಣು ಸುಲಿಯುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದಳು. ಆಮೇಲೆ ಬೆರಳ ಗೆಣ್ಣಿನಿಂದ ಸರಳನ್ನು ಟಕ್ ಟಕ್ ಎಂದು ಬಡಿದಳು. ಕೈ ಕೊಡು ಎನ್ನುವುದಕ್ಕೆ ಅವನು ದಿನಾ ಬಡಿಯುತ್ತಿದ್ದುದು ಹಾಗೆಯೇ. ಇನ್ನು ತಪ್ಪಿಸಿಕೊಳ್ಳಲು ಮುಖವೆಲ್ಲಿ? ಕಣ್ಣು ಮುಚ್ಚಿ ತೋಳು ಚಾಚಿದ. ಸೂಜಿ ತಾಗಿದ್ದೇ ತಡ, "ಅಯ್ಯೋ ಅಮ್ಮಾ" ಎಂದು ಕೂತಲ್ಲೇ ಹಾರಿಬಿದ್ದ.

ಕಣ್ಣು ಬಿಟ್ಟಾಗ ಸರಳಿನ ಸಂದಿಯಲ್ಲಿ ಕಪ್ಪು ಕೈಯೊಂದು ಅವನಿಗಾಗಿ ಕಾದಿತ್ತು. ಅದರಲ್ಲಿ ಬಾಳೆಹಣ್ಣು, ಸರಿಯಾಗಿ ಅರ್ಧ.