ಹನ್ನೊಂದನೇ ಗೋಲಿ

ಪಂಜರದಂಥ ಪುಟ್ಟ ಡಬ್ಬಿಯನ್ನು ಪ್ರೊಫೆಸರ್ ಬಸ್ತೆರ್ರಾ ಗರಗರ ತಿರುಗಿಸಿದರು. ಕೆಳಗಿನ ತೂತಿನಿಂದ ಮರದ ಗೋಲಿಯೊಂದು ಉರುಳಿ ಗ್ರಿಸೆಲ್ಡಾಳ ಅಂಗೈಗೆ ಬಿತ್ತು. ಹನ್ನೊಂದು. ಗೋಲಿಯ ಮೇಲೆ ಯಾವ ಸಂಖ್ಯೆಯೋ ಆ ಪಾಠದಲ್ಲೇ ಪರೀಕ್ಷೆ. ಅವಳ ಜೀವ ಬಾಯಿಗೆ ಬಂತು. ಆಗಸ್ಟಿನಲ್ಲಿ ಅವಳು ಫೇಲಾದದ್ದು ಇದೇ ಹನ್ನೊಂದನೇ ಪಾಠದಲ್ಲಿ, ಫೇಲು ಮಾಡಿದ್ದು ಇದೇ ಬಸ್ತೆರ್ರಾ.

"ಹಳೇ ನೆಂಟ," ಎಂದರು ಅವರು, ನಗದೆ. "ಬೋರ್ಡಿನ ಹತ್ತಿರ ಹೋಗಿ, ಸೆನ್ಯೋರಾ."

ಗ್ರಿಸೆಲ್ಡಾಳಿಗೆ ಐವತ್ತೆರಡು. ಇಪ್ಪತ್ತಾರು ವರ್ಷಗಳಿಂದ ಪುರಸಭೆಯ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವಳು ಅವಳು, ಕೆಳಗೆ ಸಹಿ ಹಾಕುವವರು ಮಾತ್ರ ಮೊನ್ನೆ ಮೊನ್ನೆ ಕೆಲಸಕ್ಕೆ ಬಂದ ಹುಡುಗರು. ಸಹಿಗೆ ಪದವಿ ಬೇಕು, ಪದವಿಗೆ ಬಾಕಿ ಇದ್ದದ್ದು ಇದೊಂದೇ ವಿಷಯ: ಭೂಮಿಯ ಆಕಾರವನ್ನೇ ಅಳೆಯುವ ಶಾಸ್ತ್ರ. ಅವಳು ಸೇರಿದಾಗಿನ ಹಳೆಯ ಪಠ್ಯಕ್ರಮಕ್ಕೆ ಇವತ್ತೇ ಕೊನೆಯ ಪರೀಕ್ಷೆ. ಅದರಲ್ಲಿ ಉಳಿದಿದ್ದವಳೂ ಅವಳೊಬ್ಬಳೇ. ಇವತ್ತು ಬಿದ್ದರೆ ಹೊಸ ಪಠ್ಯಕ್ರಮದ ಹದಿನಾಲ್ಕು ವಿಷಯಗಳನ್ನು ಅ ಆ ಇ ಈ ಇಂದ ಶುರು ಮಾಡಬೇಕು. ಅಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ.

ಊರಾಚೆ ಗಾಜಿನ ಕಟ್ಟಡದಲ್ಲೊಂದು ಖಾಸಗಿ ವಿಶ್ವವಿದ್ಯಾಲಯ ಬಂದಿತ್ತು. ಅಲ್ಲಿ ಸೇರಿದವರು ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಗ್ರಿಸೆಲ್ಡಾ ಓದುತ್ತಿದ್ದ ಸರಕಾರಿ ವಿಶ್ವವಿದ್ಯಾಲಯದ ಬಗ್ಗೆಯೋ, ಒಳಗೆ ಹೋಗಲು ಹೆಬ್ಬಾಗಿಲು, ಹೊರಗೆ ಬರಲು ಸೂಜಿಯ ಕಣ್ಣು ಎಂದು ಊರೇ ಆಡಿಕೊಳ್ಳುತ್ತಿತ್ತು. ಶುಲ್ಕವಿಲ್ಲ, ದಾಕ್ಷಿಣ್ಯವೂ ಇಲ್ಲ. ಆದರೆ ಗಡಿ ವ್ಯಾಜ್ಯ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ಮರುಮಾತಿಲ್ಲದೆ ಒಪ್ಪುತ್ತಿದ್ದದ್ದು ಇಲ್ಲಿ ಓದಿದವರ ನಕ್ಷೆಯನ್ನೇ. ಗ್ರಿಸೆಲ್ಡಾಳಿಗೆ ಬೇಕಿದ್ದದ್ದು ಅಂಥ ಸಹಿ.

ಡಿಸೆಂಬರೆಂದರೆ ಆ ದಕ್ಷಿಣದ ದೇಶದಲ್ಲಿ ನಡುಬೇಸಿಗೆ; ಆ ಧಗೆಯಲ್ಲಿ ನಲವತ್ತು ನಿಮಿಷ ಅವಳು ಸೀಮೆಸುಣ್ಣ ಸವೆಸಿದಳು. ಉಳಿದಿಬ್ಬರು ಪರೀಕ್ಷಕರು ಸುಮ್ಮನೆ ಬೀಸಣಿಗೆಯಂತೆ ಕಾಗದ ಆಡಿಸುತ್ತಿದ್ದರು. ಬಸ್ತೆರ್ರಾ ಮಾತ್ರ ಕೊನೆಗೆ ಅದೇ ಹಳೇ ಪ್ರಶ್ನೆ ಎಸೆದರು.

"ನಮ್ಮೂರಿಂದ ಸಮುದ್ರ ಸಾವಿರ ಕಿಲೋಮೀಟರು ದೂರ. ಇಲ್ಲಿ ಸಮುದ್ರಮಟ್ಟ ಅಂದ್ರೇನು?"

ಆಗಸ್ಟಿನಲ್ಲಿ ಅವಳು ಪುಸ್ತಕದ ಸಾಲನ್ನು ಗಿಳಿಪಾಠ ಒಪ್ಪಿಸಿ, ನಡುವೆ ಮರೆತು ನಿಂತಿದ್ದಳು. ಈಗ ಸೀಮೆಸುಣ್ಣ ಕೆಳಗಿಟ್ಟಳು.

"ಸಮುದ್ರದಿಂದ ಇಲ್ಲೀತನಕ ಒಂದು ಕಾಲುವೆ ತೋಡಿದ್ವಿ ಅಂತಿಟ್ಕೊಳ್ಳಿ ಮೇಷ್ಟ್ರೇ. ನೀರು ಬಂದು ಎಲ್ಲಿ ನಿಲ್ಲುತ್ತೋ ಅದೇ. ನಮ್ಮ ಕಾಲಡಿ ಎಲ್ಲೋ ಇರುತ್ತೆ, ಕಣ್ಣಿಗೆ ಕಾಣಲ್ಲ. ಆದ್ರೆ ಎತ್ತರ ಎಲ್ಲಾ ಅಳೆಯೋದು ಅಲ್ಲಿಂದ್ಲೇ. ನಮಗೆ ಬೇಕಾದ ಹಾಗೆ ಅದನ್ನ ಮೇಲೆ ಕೆಳಗೆ ಮಾಡಕ್ಕಾಗಲ್ಲ."

ಬಸ್ತೆರ್ರಾ ಕನ್ನಡಕ ತೆಗೆದು ಒರೆಸಿಕೊಂಡರು. "ಹೊರಗೆ ಕಾಯ್ತಿರಿ."

ಹೊರಗಿನ ಮೊಗಸಾಲೆಯಲ್ಲಿ ಗಂಡ ಒಸ್ವಾಲ್ದೊ ಬಸ್ ಡ್ರೈವರಿನ ಸಮವಸ್ತ್ರದಲ್ಲೇ ಶತಪಥ ತಿರುಗುತ್ತಿದ್ದ.

"ಯಾವ ಗೋಲಿ ಬಂತು, ಮುದುಕೀ?"

"ಹನ್ನೊಂದು."

"ಅಯ್ಯೋ, ಅದೇ ದರಿದ್ರದ್ದಾ?"

ಆಗ ಅವಳು ಅವನ ಖಾಲಿ ಕೈಗಳನ್ನು ಗಮನಿಸಿದಳು. ಕೊನೆಯ ಪರೀಕ್ಷೆ ಗೆದ್ದವರ ತಲೆಗೆ ಮೊಟ್ಟೆ ಒಡೆದು, ಹಿಟ್ಟು ಸುರಿದೇ ಮನೆಗೆ ಕರೆದೊಯ್ಯುವುದು ಇಲ್ಲಿಯ ರೂಢಿ. ಅದಿಲ್ಲದೆ ಪದವಿ ಬಂದರೂ ಬಂದಂತಲ್ಲ.

"ಮೊಟ್ಟೆ ತಂದಿಲ್ವಾ?"

"ತರಲ್ಲ ಕಣೇ! ಮೂರು ಸಲ ಡಜನ್‌ಗಟ್ಟಲೆ ತಂದೆ, ಮೂರು ಸಲಾನೂ ಮನೇಗೆ ಹೋಗಿ ಅವನ್ನೇ ಆಮ್ಲೆಟ್ ಮಾಡ್ಕೊಂಡು ತಿಂದ್ವಿ. ಮೊಟ್ಟೆ ಕಂಡ್ರೇನೇ ಆ ಬಸ್ತೆರ್ರಾಗೆ ಮೈ ಉರಿಯುತ್ತೆ. ಕಲ್ಲು ಮನಸ್ಸಿನ ಮುದುಕ! ಹೋದ ಸಲ ಬರೀ ಅರ್ಧ ಅಂಕ ಕಮ್ಮಿ. ಅವನಪ್ಪನ ಗಂಟೇನು ಹೋಗ್ತಿತ್ತು?"

"ಮೆಲ್ಲಗೆ ಮಾತಾಡು ಮಾರಾಯ."

ಬಾಗಿಲು ತೆರೆಯಿತು. ಬಸ್ತೆರ್ರಾ ಒಂದೇ ಮಾತು ಹೇಳಿದರು.

"ಏಳು."

ಪಾಸಾಗಲು ನಾಲ್ಕು ಅಂಕ ಸಿಕ್ಕರೆ ಸಾಕಿತ್ತು, ಹತ್ತಕ್ಕೆ ಏಳು! ಗ್ರಿಸೆಲ್ಡಾ ಗೋಡೆಗೊರಗಿದಳು. ಎದೆಯ ಮೇಲಿಟ್ಟಿದ್ದ ಬೀಸುಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಗಿ, ಎಷ್ಟೋ ವರ್ಷಗಳ ಮೇಲೆ ಪೂರ್ತಿ ಉಸಿರು ಎಳೆದುಕೊಂಡಳು. ಒಸ್ವಾಲ್ದೊ ಅವಳನ್ನು ತಬ್ಬಿಕೊಂಡು ಅತ್ತ, ನಕ್ಕ, ಆಮೇಲೆ ಹಣೆ ಹಣೆ ಚಚ್ಚಿಕೊಂಡ.

"ಥೂ, ನನ್ನ ಬುದ್ಧಿಗಿಷ್ಟು! ಇವತ್ತೇ ತಂದಿಲ್ವಲ್ಲ! ಈಗ ಅಂಗಡಿಯವರೆಲ್ಲ ಬಾಗಿಲು ಹಾಕ್ಕೊಂಡು ಮಧ್ಯಾಹ್ನದ ನಿದ್ದೆ ಹೊಡೀತಿರ್ತಾರೆ, ಸಂಜೆ ಐದರತನಕ ಒಂದು ಮೊಟ್ಟೇನೂ ಸಿಗಲ್ಲ!"

"ಹೋಗ್ಲಿ ಬಿಡು," ಎಂದಳು ಗ್ರಿಸೆಲ್ಡಾ. ಆದರೆ ತೊಳೆದಿಟ್ಟಂತಿದ್ದ ತನ್ನ ಕೂದಲನ್ನು ಮುಟ್ಟಿಕೊಂಡಾಗ ಅವಳ ಮುಖ ಸ್ವಲ್ಪ ಸಪ್ಪಗಾಯಿತು.

ಬಸ್ತೆರ್ರಾ ಒಳಗೆ ಹೋಗಿ ತಮ್ಮ ಸವೆದ ಚರ್ಮದ ಚೀಲ ತಂದರು. ಪುಸ್ತಕಗಳ ನಡುವಿನಿಂದ ಹಳೇ ಪೇಪರಿನ ಪೊಟ್ಟಣವೊಂದನ್ನು ಹುಷಾರಾಗಿ ಹೊರತೆಗೆದು ಬಿಚ್ಚಿದರು. ಆರು ಮೊಟ್ಟೆ.

ಒಸ್ವಾಲ್ದೊ ಬಾಯಿ ಬಿಟ್ಟುಕೊಂಡು ನೋಡಿದ. "ಪಾಸಾಗ್ತಾಳೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ ಮೇಷ್ಟ್ರೇ?"

"ಗೊತ್ತಿರ್ಲಿಲ್ಲ," ಎಂದರು ಬಸ್ತೆರ್ರಾ, ಮೊಟ್ಟೆಯೊಂದನ್ನು ಆರಿಸುತ್ತ. "ತಲೆ ಬಗ್ಗಿಸಿ, ಸರ್ವೇಯರ್ ಗ್ರಿಸೆಲ್ಡಾ ಅವರೇ."

ಅವಳು ಬಗ್ಗಿಸಿದಳು. ಮೊದಲ ಮೊಟ್ಟೆ ನೆತ್ತಿಯ ಮೇಲೆ ಟಪ್ಪೆಂದು ಒಡೆದು ಕಿವಿಯ ಹಿಂದೆ ತಣ್ಣಗೆ ಇಳಿಯಿತು.

"ನಿಮ್ಮ ಮಾತೆಲ್ಲ ಒಳಗೆ ಕೇಳಿಸ್ತಿತ್ತು," ಎಂದರು ಬಸ್ತೆರ್ರಾ ಒಸ್ವಾಲ್ದೊನತ್ತ ಇನ್ನೊಂದು ಮೊಟ್ಟೆ ಚಾಚುತ್ತ. "ಮೂರು ಸಲ ಆಮ್ಲೆಟ್ ತಿಂದಿದ್ದು ನೀವಿಬ್ಬರೇ ಅಲ್ಲ."