ಇನ್ನೊಬ್ಬ ಹುಡುಗ

"ಮಾದಕ ವಸ್ತುವಿನ ಚಟ ಒಂದು ಕಾಯಿಲೆ. ನಮಗೆ ತಿಳಿಸಿದರೆ ಜೈಲಿಗಲ್ಲ, ಚಿಕಿತ್ಸೆಗೆ ಕಳಿಸುತ್ತೇವೆ," ಎಂದು ಇನ್‌ಸ್ಪೆಕ್ಟರ್ ಹಾವನೂರ ಭಾಷಣ ಮುಗಿಸಿದಾಗ ಕಾಲೇಜಿನ ಸಭಾಂಗಣದಲ್ಲಿ ಜೋರು ಚಪ್ಪಾಳೆ ಬಿತ್ತು. ಹೊರಗೆ ಜೀಪಿನ ಹತ್ತಿರ ಒಬ್ಬ ಹುಡುಗಿ ಕಾಯುತ್ತಿದ್ದಳು.

"ನಾ ಈರಣ್ಣನ ತಂಗಿರೀ ಸರ್. ಹೋದ ವರ್ಷ ಹಾಸ್ಟೆಲಿನಾಗ ಗಾಂಜಾ ಸೇದೂವಾಗ ಇಬ್ಬರನ್ನ ಹಿಡಿದಿದ್ರಲ್ಲ, ಅದರಾಗ ನಮ್ಮಣ್ಣ ಒಬ್ಬ."

ಜೀಪಿನ ಬಾಗಿಲಿಗೆ ಚಾಚಿದ್ದ ಕೈಯನ್ನು ಹಾವನೂರ ಹಿಂದಕ್ಕೆ ತೆಗೆದರು. ಆ ಹೆಸರನ್ನು ಅವರು ಒಂದು ದಿನವೂ ಮರೆತಿರಲಿಲ್ಲ.

"ಇಬ್ಬರೂ ಸೇದಿದ್ರು. ಒಬ್ಬನ್ನ ಆಸ್ಪತ್ರೆಗೆ ಕಳಿಸಿದ್ರಿ, ನಮ್ಮಣ್ಣನ್ನ ಯಾಕ ಜೈಲಿಗೆ ಹಾಕಿದ್ರಿ?"

"ಮಾರೋ ಪಾಕೀಟು ನಿಮ್ಮಣ್ಣನ ಚೀಲದಾಗ ಸಿಕ್ತು ಅಂತ ಪಂಚನಾಮೆಯೊಳಗ ಐತವ್ವಾ."

ಹೇಳುವಾಗ ಅವರಿಗೆ ಅವಳ ಮುಖ ನೋಡಲಾಗಲಿಲ್ಲ. ಆ ಪಂಚನಾಮೆ ಬರೆಸಿದವರು ಅವರೇ.

"ಆ ಇನ್ನೊಬ್ಬ ಹುಡುಗ ಈಗ ಹೆಂಗದಾನ್ರೀ?"

"ಆರಾಮಾಗ್ಯಾನ. ನೌಕರಿಗೆ ಹೊಂಟಾನ."

"ಚಲೋ ಆತು ಬಿಡ್ರೀ. ಅವನಾದ್ರೂ ಖರೇ ಹೇಳಬೇಕಿತ್ತು, ಪಾಕೀಟು ಯಾರದು ಅಂತ."

ಹಾವನೂರ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಹೇಳ್ತಾನವ್ವಾ. ದಿನಾ ನನ್ನ ಜೋಡಿ ಊಟಕ್ಕ ಕುಂತಾಗ ಹೇಳ್ತಾನ, 'ಅಪ್ಪಾ, ಅದು ನಂದಿತ್ತು' ಅಂತ."